ಕಳೆದ ಹಲ್ಲಿಗೆ ಟೈಟಾನಿಯಂ ಬೇರು: ಹಣ ಕೊಡುವ ಮುನ್ನ ವರ್ತಕರು ವಿಚಾರಿಸಬೇಕಾದ ಸಂಗತಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಊಟವು ಹಲ್ಲನ್ನು ಬೇಡುವ ಊಟವಾಗಿದೆ. ಜೋಳದ ಖಡಕ್ ರೊಟ್ಟಿ, ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಇವುಗಳನ್ನು ಅಗಿಯದೆ ನುಂಗಲು ಬಾರದು. ಅನ್ನವನ್ನೇ ಪ್ರಧಾನವಾಗಿ ಉಣ್ಣುವ ಪ್ರದೇಶದಲ್ಲಿ ಎರಡು ದವಡೆ ಹಲ್ಲು ಹೋದವನು ವರ್ಷಗಟ್ಟಲೆ ಸುಧಾರಿಸಿಕೊಂಡು ಹೋಗಬಹುದು. ನಮ್ಮ ಭಾಗದಲ್ಲಿ ಅದು ಮರುದಿನವೇ ಊಟದ ತಟ್ಟೆಯಲ್ಲಿ ಗೊತ್ತಾಗುತ್ತದೆ. ಮೊದಲು ಒಂದೇ ಮಗ್ಗುಲಲ್ಲಿ ಅಗಿಯುವುದು, ಆಮೇಲೆ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕುವುದು, ಕೊನೆಗೆ ರೊಟ್ಟಿಯನ್ನೇ ಬಿಟ್ಟು ಮೆತ್ತನೆಯ ಅನ್ನಕ್ಕೆ ಹೊರಳುವುದು. ಮಧುಮೇಹವಿರುವ ಐವತ್ತು ದಾಟಿದ ಅಡತಿ ವರ್ತಕರಿಗೆ ಈ ಬದಲಾವಣೆ ಬಾಯಿರುಚಿಯ ವಿಷಯವಷ್ಟೇ ಆಗಿ ಉಳಿಯುವುದಿಲ್ಲ.

ಹಲ್ಲು ಹೋಗಲು ಇಲ್ಲಿರುವ ಕಾರಣಗಳು ಬೇರೆಡೆ ಇರುವಂಥವೇ: ಹುಳುಕು, ಒಸಡಿನ ರೋಗ, ಅಪಘಾತ, ತಂಬಾಕು. ರಾಜ್ಯದಲ್ಲಿ 2013ರಲ್ಲಿ ಗುಟ್ಖಾ ನಿಷೇಧವಾದರೂ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದು ಬಾಯಿಯೊಳಗೆ ಕೂಡಿಕೊಳ್ಳುತ್ತಿವೆ. ಆದರೆ ಒಂದು ಸಂಗತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಪ್ರಮಾಣ. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಇಂಥ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ ಅಥವಾ ಕಂದು ಕಲೆ ಕಾಣಿಸುತ್ತದೆ. ಕಲೆಯುಳ್ಳ ಹಲ್ಲು ನೋಡಲು ಚೆನ್ನಾಗಿಲ್ಲದಿರಬಹುದು; ಬೇರು ಗಟ್ಟಿಯಾಗಿದ್ದರೆ ಅದನ್ನು ಕೀಳಬೇಕಾಗಿಲ್ಲ. ಅದಕ್ಕೆ ಮೇಲ್ಪದರದ ಚಿಕಿತ್ಸೆ ಅಥವಾ ಕ್ಯಾಪ್ ಸಾಕು. ಮಗನ ಅಥವಾ ಮಗಳ ಮದುವೆಯ ಮಾತುಕತೆಗೆ ಮುನ್ನ ಕಂದು ಹಲ್ಲುಗಳನ್ನು ತೆಗೆಸಿ ಇಂಪ್ಲಾಂಟ್ ಹಾಕಿಸುವ ಆಲೋಚನೆಯಲ್ಲಿರುವ ಪಾಲಕರು ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದು ಅವಶ್ಯ.

ಇಂಪ್ಲಾಂಟ್ ಎಂದರೇನು

ಕಳೆದುಹೋದ ಹಲ್ಲಿನ ಬೇರಿನ ಸ್ಥಾನದಲ್ಲಿ ದವಡೆಯ ಎಲುಬಿನೊಳಗೆ ಕೂಡಿಸುವ ಟೈಟಾನಿಯಂ ಸ್ಕ್ರೂವೇ ಇಂಪ್ಲಾಂಟ್. ಸಾಮಾನ್ಯವಾಗಿ ಅದರ ವ್ಯಾಸ 3.5ರಿಂದ 5 ಮಿ.ಮೀ., ಉದ್ದ 8ರಿಂದ 13 ಮಿ.ಮೀ. ಅದರ ಮೇಲೆ ಅಬಟ್‌ಮೆಂಟ್ ಎಂಬ ಜೋಡಣೆಯ ತುಂಡು, ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಈ ಮೂರೂ ಬೇರೆ ಬೇರೆ ಭಾಗಗಳು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹಣದ ಮಾತು ಬಂದಾಗ ಇದು ಬೇಕಾಗುತ್ತದೆ.

ಟೈಟಾನಿಯಂ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆಂಬುದು ತಿಳಿದದ್ದು ಆಕಸ್ಮಿಕವಾಗಿ. ಸ್ವೀಡನ್ನಿನ ವೈದ್ಯ ವಿಜ್ಞಾನಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ರಕ್ತ ಸಂಚಾರವನ್ನು ನೋಡಲು ಟೈಟಾನಿಯಂ ಹೊದಿಕೆಯ ಉಪಕರಣವನ್ನು ಕೂಡಿಸಿದ್ದರು. ಪ್ರಯೋಗ ಮುಗಿದು ಅದನ್ನು ಹೊರತೆಗೆಯಲು ಹೋದಾಗ ಬರಲಿಲ್ಲ. ಎಲುಬು ಅದನ್ನು ಹಿಡಿದುಕೊಂಡಿತ್ತು. ಬೇಸರಪಡಬೇಕಾದ ಆ ಘಟನೆಯೇ ಒಂದು ಉದ್ಯಮಕ್ಕೆ ಬುನಾದಿಯಾಯಿತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬುವರ ಕೆಳದವಡೆಗೆ ಅವರು ಇಂಪ್ಲಾಂಟ್ ಕೂಡಿಸಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ, ಅಂದರೆ ನಾಲ್ಕು ದಶಕಗಳ ಕಾಲ, ಅವು ಅವರ ಬಾಯಲ್ಲಿ ಕೆಲಸ ಮಾಡಿದವು. ಆದರೂ ಉತ್ತರ ಅಮೆರಿಕದ ದಂತವೈದ್ಯರು ಈ ಪದ್ಧತಿಯನ್ನು ಮನಸಾರೆ ಒಪ್ಪಿಕೊಂಡದ್ದು 1982ರ ಟೊರಾಂಟೊ ಸಮ್ಮೇಳನದ ಅನಂತರವೇ.

ಲೇಥ್ ಮತ್ತು ಡ್ರಿಲ್ಲಿಂಗ್ ಯಂತ್ರ ನಡೆಸುವ ಸಣ್ಣ ಉದ್ಯಮಿಗಳಿಗೆ ಈ ಚಿಕಿತ್ಸೆಯ ಒಳಮರ್ಮ ಬೇಗ ತಿಳಿಯುತ್ತದೆ. ದವಡೆಯಲ್ಲಿ ಒಂದೇ ಸಲಕ್ಕೆ ದೊಡ್ಡ ರಂಧ್ರ ಕೊರೆಯುವುದಿಲ್ಲ. ಸಣ್ಣ ಬಿಟ್‌ನಿಂದ ಆರಂಭಿಸಿ ಹಂತ ಹಂತವಾಗಿ ಅಗಲ ಮಾಡಲಾಗುತ್ತದೆ. ವೇಗವೂ ಮಿತವಾದುದು, ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸು. ಕೂಲಂಟ್‌ನ ಬದಲು ಶುದ್ಧ ಸಲೈನ್ ನೀರು ಸತತವಾಗಿ ಹರಿಯುತ್ತಿರಬೇಕು. ಎಲುಬಿನ ಉಷ್ಣತೆ 47 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದು ನಿಮಿಷ ನಿಂತರೂ ಅಲ್ಲಿಯ ಜೀವಕೋಶಗಳಿಗೆ ಹಾನಿಯಾಗುತ್ತದೆಂದು 1980ರ ದಶಕದ ಸ್ವೀಡಿಷ್ ಪ್ರಯೋಗಗಳು ತೋರಿಸಿವೆ. ಸತ್ತ ಎಲುಬು ಯಾವ ಸ್ಕ್ರೂವನ್ನೂ ಹಿಡಿಯದು. ಮೊಂಡಾದ ಬಿಟ್‌ನಿಂದ ಅವಸರದಲ್ಲಿ ಕೊರೆದರೆ ಕಬ್ಬಿಣದ ತುಂಡಿಗೆ ಏನಾಗುತ್ತದೆಂಬುದು ಕಾರ್ಖಾನೆಯವರಿಗೆ ಗೊತ್ತೇ ಇದೆ.

ಅನಂತರ ಕಾಯುವ ಅವಧಿ. ಕೆಳದವಡೆಯ ಎಲುಬು ಗಟ್ಟಿಯಾಗಿರುವುದರಿಂದ ಸುಮಾರು ಮೂರು ತಿಂಗಳು, ಮೇಲ್ದವಡೆಯದು ಮೆತ್ತಗಿರುವುದರಿಂದ ಅದಕ್ಕಿಂತ ಹೆಚ್ಚು, ಕೆಲವೊಮ್ಮೆ ಆರು ತಿಂಗಳು. ಎಲುಬು ಉತ್ತಮವಾಗಿರುವ ಆಯ್ದ ರೋಗಿಗಳಲ್ಲಿ ಅದೇ ದಿನ ತಾತ್ಕಾಲಿಕ ಹಲ್ಲು ಕೊಡುವ ಪದ್ಧತಿಯೂ ಇದೆ. ಆದರೆ ಎಲ್ಲರಿಗೂ ಎಲ್ಲ ಸಂದರ್ಭದಲ್ಲೂ ಎರಡು ದಿನದಲ್ಲಿ ಕಾಯಂ ಹಲ್ಲು ಎಂಬ ಫಲಕದ ಮಾತನ್ನು ಇನ್ನಾವುದೇ ಜಾಹೀರಾತಿನಂತೆ ಲೆಕ್ಕಹಾಕಿ ನೋಡಬೇಕು.

ಬಿಡಿಭಾಗಗಳ ಪ್ರಶ್ನೆ

ಚಿಕಿತ್ಸೆಯ ಯಶಸ್ಸಿನ ಪ್ರಮಾಣ ಉತ್ತಮವಾಗಿದೆ. ಹತ್ತು ವರ್ಷದ ಅನಂತರವೂ ಶೇ. 90ಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು ಉಳಿದಿರುತ್ತವೆಂದು ಅಧ್ಯಯನಗಳು ಹೇಳುತ್ತವೆ. ಆದರೆ ಎಲುಬಿನಲ್ಲಿ ಸ್ಕ್ರೂ ಉಳಿಯುವುದು ಬೇರೆ, ಅದರ ಮೇಲಿನ ಹಲ್ಲು ತೊಂದರೆ ಕೊಡದಿರುವುದು ಬೇರೆ. ವರ್ಷಗಳು ಕಳೆದಂತೆ ಒಳಗಿನ ಸಣ್ಣ ಸ್ಕ್ರೂ ಸಡಿಲಾಗಬಹುದು, ಕ್ಯಾಪಿನ ಚೂರು ಹಾರಬಹುದು. ಇವು ರಿಪೇರಿಗೆ ಬರುವ ದೋಷಗಳು. ರಿಪೇರಿಗೆ ಬಿಡಿಭಾಗ ಬೇಕು. ಅಬಟ್‌ಮೆಂಟ್ ಕೂಡುವ ಜಾಗದ ಆಕಾರ ಒಂದೊಂದು ಕಂಪನಿಯದು ಒಂದೊಂದು ಬಗೆ: ಕೆಲವರದು ಹೊರಮೈ ಷಟ್ಕೋನ, ಕೆಲವರದು ಒಳಷಟ್ಕೋನ, ಕೆಲವರದು ಶಂಕುವಿನಾಕಾರ. ಒಂದು ಕಂಪನಿಯ ಸ್ಕ್ರೂ ಇನ್ನೊಂದಕ್ಕೆ ಕೂಡದು. ಅದನ್ನು ಬಿಗಿಯುವ ಚಾವಿಯೂ ಬೇರೆ. ಬಿಗಿಯುವ ಬಲವೂ ಕಂಪನಿ ಹೇಳಿದಷ್ಟೇ ಇರಬೇಕು. ಅದಕ್ಕೆ ಟಾರ್ಕ್ ರೆಂಚ್ ಬೇಕು.

ತಾಲ್ಲೂಕು ಪಟ್ಟಣಗಳಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ಸ್ಥಳೀಯ ದಂತವೈದ್ಯರು ರೋಗಿಯನ್ನು ನೋಡಿ, ದೊಡ್ಡ ಊರಿನಿಂದ ತಿಂಗಳಿಗೊಮ್ಮೆಯೋ ಎರಡು ಸಲವೋ ಬರುವ ತಜ್ಞರಿಂದ ಶಸ್ತ್ರಕ್ರಿಯೆ ಮಾಡಿಸುವ ವ್ಯವಸ್ಥೆ ಸಣ್ಣ ಊರುಗಳಲ್ಲಿ ರೂಢಿಯಲ್ಲಿದೆ. ವ್ಯವಸ್ಥೆಯಲ್ಲಿ ತಪ್ಪೇನೂ ಇಲ್ಲ. ಅದಿಲ್ಲದಿದ್ದರೆ ಸಣ್ಣ ಊರಿಗೆ ಈ ಚಿಕಿತ್ಸೆಯೇ ಬರುತ್ತಿರಲಿಲ್ಲ. ಆದರೆ ಆ ತಜ್ಞರು ಬರುವುದನ್ನು ನಿಲ್ಲಿಸಿದರೆ, ಐದಾರು ವರ್ಷದ ಮೇಲೆ ಹಲ್ಲು ಅಲುಗಾಡಿದರೆ, ಯಾವ ಕಂಪನಿಯ ಮಾಲು ಒಳಗಿದೆಯೆಂದು ಹೇಳುವವರಿರುವುದಿಲ್ಲ. ಎಕ್ಸ್‌ರೇ ನೋಡಿ ಗುರುತಿಸುವ ಪ್ರಯತ್ನ ಮಾಡಬಹುದು. ಸಾವಿರಾರು ವಿನ್ಯಾಸಗಳಿರುವ ಮಾರುಕಟ್ಟೆಯಲ್ಲಿ ಅದು ಸುಲಭವಲ್ಲ. ಎಲುಬಿನಲ್ಲಿ ಭದ್ರವಾಗಿ ಕುಳಿತಿರುವ ಸ್ಕ್ರೂವನ್ನು ಕೇವಲ ಬಿಡಿಭಾಗ ಸಿಗದ ಕಾರಣಕ್ಕೆ ಕೊರೆದು ತೆಗೆಯಬೇಕಾದ ಪ್ರಸಂಗ ಬರಬಹುದು. ಆಗ ಕೊಟ್ಟ ಹಣವೂ ಹೋಯಿತು, ಎಲುಬೂ ಹೋಯಿತು.

ಪಂಪ್‌ಸೆಟ್ ಕೊಳ್ಳುವಾಗ ಬಿಡಿಭಾಗ ಎಲ್ಲಿ ಸಿಗುತ್ತದೆಂದು ಕೇಳದೆ ಯಾವ ವರ್ತಕನೂ ಹಣ ಎಣಿಸುವುದಿಲ್ಲ. ಬಾಯಿಯ ವಿಷಯದಲ್ಲಿ ಮಾತ್ರ ವೈದ್ಯರನ್ನು ಕೇಳಲು ಸಂಕೋಚ. ಈ ಸಂಕೋಚಕ್ಕೆ ಕಾರಣವಿಲ್ಲ. ಬಹುತೇಕ ಕಂಪನಿಗಳ ಇಂಪ್ಲಾಂಟ್ ಡಬ್ಬಿಯೊಳಗೆ ಬಿಡಿಸಿ ಅಂಟಿಸಬಹುದಾದ ಚೀಟಿಗಳಿರುತ್ತವೆ. ಅವುಗಳ ಮೇಲೆ ಕಂಪನಿಯ ಹೆಸರು, ಮಾದರಿ, ವ್ಯಾಸ, ಉದ್ದ, ಲಾಟ್ ಸಂಖ್ಯೆ ಅಚ್ಚಾಗಿರುತ್ತವೆ. ಒಂದು ಚೀಟಿ ವೈದ್ಯರ ಕಡತಕ್ಕೆ, ಇನ್ನೊಂದು ರೋಗಿಯ ಕಾರ್ಡಿಗೆ. ಬಿತ್ತನೆ ಬೀಜದ ಚೀಲದ ಲಾಟ್ ಚೀಟಿಯನ್ನು ಹಂಗಾಮು ಮುಗಿಯುವವರೆಗೆ ಕಾಯ್ದಿಡುವ ಸಿಂದಗಿಯ ಬೀಜದ ವರ್ತಕರಿಗೆ ಇದರ ಮಹತ್ವ ವಿವರಿಸಬೇಕಾಗಿಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ ಬಂದ ಮೇಲೆ ಆಮದು ಮಾಲಿನ ಮೇಲೆ ಆಮದುದಾರರ ಹೆಸರು ಮತ್ತು ಪರವಾನಗಿ ಸಂಖ್ಯೆಯೂ ಇರಬೇಕು. ಅದಿಲ್ಲದ ಡಬ್ಬಿಯ ಬಗ್ಗೆ ಪ್ರಶ್ನಿಸಲು ಗ್ರಾಹಕನಿಗೆ ಹಕ್ಕಿದೆ.

ಖರ್ಚು ಮತ್ತು ಕಾಗದ

ಒಂದು ಹಲ್ಲಿಗೆ ಕ್ಯಾಪ್ ಸಹಿತ ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ರೂಪಾಯಿಯವರೆಗೆ ಹೇಳುವುದು ಸಾಮಾನ್ಯ. ಊರು, ಕಂಪನಿ, ಕ್ಯಾಪಿನ ಬಗೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಸ್ವೀಡನ್, ಸ್ವಿಟ್ಜರ್‌ಲೆಂಡ್ ಮೂಲದ ಹಳೆಯ ಕಂಪನಿಗಳ ಮಾಲು ತುಟ್ಟಿ. ಕೊರಿಯಾ, ಇಸ್ರೇಲ್ ದೇಶಗಳ ಮಾಲು ಮಧ್ಯಮ ದರದ್ದು. ಭಾರತದಲ್ಲಿಯೂ ತಯಾರಕರಿದ್ದಾರೆ. ಕಚ್ಚಾ ವಸ್ತುವಿನ ವಿಷಯದಲ್ಲಿ ದೇಶವು ಬರಿಗೈಯಲ್ಲಿಲ್ಲ: ಕೇರಳದ ಚವರದಲ್ಲಿ ಟೈಟಾನಿಯಂ ಸ್ಪಂಜ್ ತಯಾರಾಗುತ್ತದೆ, ಹೈದರಾಬಾದಿನ ಮಿಧಾನಿ ಸಂಸ್ಥೆ ಟೈಟಾನಿಯಂ ಮಿಶ್ರಲೋಹಗಳನ್ನು ಕೊಡುತ್ತದೆ. ಬೆಲೆಯ ಬಹುಭಾಗವಿರುವುದು ನಿಖರವಾದ ಯಂತ್ರಗೆಲಸದಲ್ಲಿ, ಮೇಲ್ಮೈಯನ್ನು ಒರಟುಗೊಳಿಸಿ ನಿರ್ಜೀವಾಣುಗೊಳಿಸುವ ಕ್ರಮದಲ್ಲಿ, ದಶಕಗಳ ಪರೀಕ್ಷೆಯ ದಾಖಲೆಯಲ್ಲಿ. ಟೈಟಾನಿಯಂ ಶಾಖವನ್ನು ಬೇಗ ಬಿಟ್ಟುಕೊಡದ ಲೋಹವಾದ್ದರಿಂದ ಅದನ್ನು ಕಡೆಯುವುದೂ ಕಷ್ಟದ ಕೆಲಸ.

ದರ ಕೇಳುವಾಗ ಮೂರೂ ಭಾಗಗಳ ದರ ಕೂಡಿಸಿ ಕೇಳಬೇಕು. ಇಂಪ್ಲಾಂಟಿನ ದರ ಮಾತ್ರ ಹೇಳಿ, ಅಬಟ್‌ಮೆಂಟ್, ಕ್ಯಾಪ್, ಸ್ಕ್ಯಾನ್, ಎಲುಬು ತುಂಬುವ ಪುಡಿ ಇವುಗಳ ಖರ್ಚು ಒಂದೊಂದಾಗಿ ಹೊರಬರುವುದು ಜಗಳಕ್ಕೆ ಮೂಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಚಿಕಿತ್ಸಾಲಯಗಳು ನೋಂದಣಿ ಹೊಂದಿ ದರಪಟ್ಟಿಯನ್ನು ಪ್ರಕಟಿಸಬೇಕು. ಆರೋಗ್ಯ ವಿಮೆಯನ್ನು ನಂಬಿಕೊಂಡು ಹೋಗುವಂತಿಲ್ಲ. ಬಹುತೇಕ ಪಾಲಿಸಿಗಳು ಅಪಘಾತದಿಂದ ಆಸ್ಪತ್ರೆ ಸೇರಿದಾಗ ಹೊರತು ಹಲ್ಲಿನ ಖರ್ಚು ಕೊಡುವುದಿಲ್ಲ. ರಸೀದಿ ಪಡೆಯದೆ ನಗದು ಕೊಟ್ಟವರಿಗೆ ಗ್ರಾಹಕರ ಆಯೋಗದಲ್ಲಿ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಅಲ್ಲಿ ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ.

ಯಾರು ತಡೆಯಬೇಕು

ರಕ್ತದ ಸಕ್ಕರೆ ಹತೋಟಿಯಲ್ಲಿಲ್ಲದವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ 7ರ ಆಸುಪಾಸಿನಲ್ಲಿದ್ದರೆ ವೈದ್ಯರು ಧೈರ್ಯದಿಂದ ಮುಂದುವರಿಯುತ್ತಾರೆ. ಬೀಡಿ ಸಿಗರೇಟು ಸೇದುವವರಲ್ಲಿ ವಿಫಲವಾಗುವ ಸಂಭವ ಹೆಚ್ಚು. ಎಲುಬು ಸವೆತಕ್ಕೆ ಬಿಸ್‌ಫಾಸ್ಫೊನೇಟ್ ಔಷಧಿ ತೆಗೆದುಕೊಳ್ಳುವವರು ಅದನ್ನು ಮುಚ್ಚಿಡಬಾರದು. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಾವಾಗಿಯೇ ಅದನ್ನು ನಿಲ್ಲಿಸಲೂ ಬಾರದು. ಅಂಥ ನಿರ್ಧಾರ ಹೃದಯ ವೈದ್ಯರದು.

ತಡ ಮಾಡಬಾರದವರೂ ಇದ್ದಾರೆ. ಹಲ್ಲು ಕಿತ್ತ ಮೊದಲ ವರ್ಷದಲ್ಲಿಯೇ ಆ ಜಾಗದ ಎಲುಬು ಅಗಲದಲ್ಲಿ ಸುಮಾರು ಅರ್ಧದಷ್ಟು ಕುಗ್ಗುತ್ತದೆ. ಹಲ್ಲು ಕೀಳಿಸಿ, ಮುಂದಿನ ಹಂಗಾಮಿಗೆ ನೋಡೋಣವೆಂದು ಆರೇಳು ವರ್ಷ ಕಳೆದವರಿಗೆ ಎಲುಬು ತುಂಬುವ ಖರ್ಚು ಮೇಲೆ ಬೀಳಬಹುದು.

ಇಂಪ್ಲಾಂಟೇ ಎಲ್ಲಕ್ಕೂ ಪರಿಹಾರವೆಂದೂ ಭಾವಿಸಬೇಕಾಗಿಲ್ಲ. ಕಳೆದ ಹಲ್ಲಿನ ಎರಡೂ ಬದಿಯ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಜ್ ಕಟ್ಟಿಸುವುದು ವಿವೇಕ. ಆ ಹಲ್ಲುಗಳು ಅಖಂಡವಾಗಿದ್ದರೆ ಅವುಗಳನ್ನು ಸವೆಸುವುದು ನಷ್ಟ. ಹಲ್ಲುಗಳೆಲ್ಲ ಹೋದ ಹಿರಿಯರಿಗೆ ಕೆಳಗಿನ ಸೆಟ್ ನಿಲ್ಲುವುದೇ ದೊಡ್ಡ ಸಮಸ್ಯೆ. ಮಾತನಾಡುವಾಗ ಎದ್ದು ಬರುತ್ತದೆ, ರೊಟ್ಟಿ ಕಡಿದರೆ ಒಸಡು ಒತ್ತುತ್ತದೆ. ಇಂಥವರಿಗೆ ಕೆಳದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಕೂಡಿಸಿ, ಅವುಗಳ ಮೇಲೆ ಗುಂಡಿಯಂತೆ ಒತ್ತಿ ಕೂಡುವ ಸೆಟ್ ಕೊಡುವ ಕ್ರಮವಿದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಇದನ್ನೇ ಮೊದಲ ಆಯ್ಕೆಯೆಂದು ಶಿಫಾರಸು ಮಾಡಿದರು. ಬಾಯಿ ತುಂಬ ಇಂಪ್ಲಾಂಟ್ ಹಾಕಿಸುವ ಶಕ್ತಿಯಿಲ್ಲದ ಮನೆಗಳಲ್ಲಿ ತಂದೆತಾಯಿಗಳಿಗಾಗಿ ಮೊದಲು ವಿಚಾರಿಸಬೇಕಾದದ್ದು ಇದನ್ನೇ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರವು ಕಳೆದ ದಶಕದಲ್ಲಿ ದಂತಭಾಗ್ಯ ಯೋಜನೆಯನ್ನು ದಂತ ಮಹಾವಿದ್ಯಾಲಯಗಳ ಮೂಲಕ ಜಾರಿಗೆ ತಂದಿತು. ಅದು ಸಾದಾ ಸೆಟ್‌ಗೆ ಸಂಬಂಧಿಸಿದ್ದು.

ಎರಡನೆಯ ಅಭಿಪ್ರಾಯಕ್ಕೆ ದೂರ ಹೋಗಬೇಕಾಗಿಲ್ಲ. ವಿಜಯಪುರದಲ್ಲಿ ಅಲ್-ಅಮೀನ್ ದಂತ ಮಹಾವಿದ್ಯಾಲಯವಿದೆ. ಮುದ್ದೇಬಿಹಾಳದವರಿಗೆ ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವೂ, ಸಿಂದಗಿಯವರಿಗೆ ಕಲಬುರಗಿಯ ಎಸ್. ನಿಜಲಿಂಗಪ್ಪ ದಂತ ಮಹಾವಿದ್ಯಾಲಯವೂ ಒಂದು ದಿನದ ಹಾದಿ. ಇಂಡಿಯವರು ಹೇಗೂ ಸೋಲಾಪುರಕ್ಕೆ ಹೋಗಿಬರುತ್ತಿರುತ್ತಾರೆ.

ದಿನ ಗೊತ್ತುಪಡಿಸುವಾಗ ವ್ಯಾಪಾರದ ಲೆಕ್ಕವೂ ಇರಲಿ. ತೊಗರಿ ಆವಕ ಏರುವ ಡಿಸೆಂಬರ್, ಜನವರಿ ತಿಂಗಳಲ್ಲಿ ಶಸ್ತ್ರಕ್ರಿಯೆ ಇಟ್ಟುಕೊಂಡವರು ಮೂರನೆಯ ದಿನವೇ ಮಾರುಕಟ್ಟೆಯ ಧೂಳಿನಲ್ಲಿ ನಿಂತು ಸವಾಲು ಕೂಗಬೇಕಾಗುತ್ತದೆ. ಮುಂಗಾರು ಬಿತ್ತನೆ ಮುಗಿದು ಅಂಗಡಿ ತಣ್ಣಗಿರುವ ದಿನಗಳಲ್ಲಿ ಸ್ಕ್ರೂ ಕೂಡಿಸಿಕೊಂಡರೆ ತೊಗರಿ ಬರುವ ಹೊತ್ತಿಗೆ ಹಲ್ಲು ಬಾಯಲ್ಲಿರುತ್ತದೆ. ಅಲ್ಲಿಯವರೆಗೆ ಆ ಮಗ್ಗುಲಲ್ಲಿ ಮೆತ್ತನೆಯ ಪದಾರ್ಥವನ್ನೇ ಅಗಿಯಬೇಕು. ಹಲ್ಲು ಕೂಡಿಸಿದ ಮೇಲೆ ಸಂದಿಗಳನ್ನು ಸ್ವಚ್ಛಮಾಡುವ ಸಣ್ಣ ಬ್ರಷ್ಷನ್ನು ದಿನಾಲು ಬಳಸಬೇಕು. ಇಂಪ್ಲಾಂಟಿಗೆ ಹುಳುಕು ಹತ್ತುವುದಿಲ್ಲವಾದರೂ ಅದರ ಸುತ್ತಲಿನ ಒಸಡಿಗೆ ರೋಗ ಬರುತ್ತದೆ, ಎಲುಬು ಕರಗುತ್ತದೆ. ಈ ರೋಗದಲ್ಲಿ ಆರಂಭಕ್ಕೆ ನೋವಿರುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ತಪಾಸಣೆ, ಅಗತ್ಯವಿದ್ದಾಗ ಎಕ್ಸ್‌ರೇ. ಆ ದಿನ ಹೋಗುವಾಗ ಲಾಟ್ ಸಂಖ್ಯೆಯ ಕಾರ್ಡನ್ನು ಜೊತೆಗೆ ಒಯ್ಯುವುದು. ಅದರ ಒಂದು ನಕಲನ್ನು ಅಂಗಡಿಯ ತಿಜೋರಿಯಲ್ಲಿ, ಮನೆಯವರಿಗೆ ತಿಳಿಸಿ, ಇಟ್ಟಿರುವುದು.