ತೋಟೆಯ ಕತ್ತೂ ಬಳೆಯ ಅಳತೆಯೂ

ಅಮೆರಿಕಾ ಸಂಯುಕ್ತಸಂಸ್ಥಾನದಲ್ಲಿ ಬೆಳೆದು ಇತರ ದೇಶಗಳಿಗೂ ಹಬ್ಬಿರುವ ‘ಬೆಂಚ್‌ರೆಸ್ಟ್’ ಎಂಬ ಗುರಿಸ್ಪರ್ಧೆಯಲ್ಲಿ, ಕೋವಿಯನ್ನು ಮೇಜಿನ ಮೇಲೆ ಮರಳಿನ ಚೀಲಗಳಿಗೆ ಆನಿಸಿ, ೧೦೦ ಅಥವಾ ೨೦೦ ಗಜ ದೂರದ ಗುರಿಹಾಳೆಗೆ ಸಾಮಾನ್ಯವಾಗಿ ಐದು ಗುಂಡುಗಳನ್ನು ಹಾರಿಸುವರು. ಅವು ಎಷ್ಟು ಒತ್ತೊತ್ತಾಗಿ ಬಿದ್ದಿವೆ ಎಂಬುದೇ ಇಲ್ಲಿ ಮುಖ್ಯ. ಒಂದಕ್ಕೊಂದು ಅತಿ ದೂರವಾದ ಎರಡು ರಂಧ್ರಗಳ ಕೇಂದ್ರಗಳ ನಡುವಣ ಅಂತರವೇ ಅಂಕ. ನುರಿತವರ ಕೈಯಲ್ಲಿ ಇದು ನೂರು ಗಜಕ್ಕೆ ಕಾಲು ಅಂಗುಲಕ್ಕಿಂತಲೂ ಕಡಿಮೆಯಾಗುವುದುಂಟು. ಇಂತಹ ಸೂಕ್ಷ್ಮಕ್ಕೆ ಅಂಗಡಿಯ ತೋಟೆ ಸಾಲದಾದುದರಿಂದ, ಸ್ಪರ್ಧಿಯು ಒಮ್ಮೆ ಹಾರಿಸಿದ ಹಿತ್ತಾಳೆಯ ಕೋಶಕ್ಕೇ ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸಿ ತಾನೇ ತುಂಬಿಕೊಳ್ಳುತ್ತಾನೆ.

ಮದ್ದು ಉರಿದಾಗ ಕೋಶದ ಕತ್ತು ಹಿಗ್ಗಿ ಕೋವಿಯ ಗೂಡಿನ ಗೋಡೆಯನ್ನು ಮುಟ್ಟುತ್ತದೆ. ಅದು ಮತ್ತೆ ಗುಂಡನ್ನು ಹಿಡಿಯಬೇಕಾದರೆ ಕುಗ್ಗಿಸಲೇಬೇಕು. ರೂಢಿಯ ಅಚ್ಚು ಕತ್ತನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಅಮುಕಿ, ಬಳಿಕ ಒಳಗಿನಿಂದ ಉಕ್ಕಿನ ಗುಂಡಿಯೊಂದನ್ನು ಎಳೆದು ಹಿಗ್ಗಿಸುವುದು. ಈ ಎಳೆದಾಟದಲ್ಲಿ ಕತ್ತು ಓರೆಯಾಗುವ ಭಯವುಂಟು. ಇದನ್ನು ತಪ್ಪಿಸಲು ಬಂದುದೇ ‘ಬುಷಿಂಗ್’, ಎಂದರೆ ಅಚ್ಚಿನೊಳಗೆ ಸ್ವಲ್ಪ ಅಲುಗಾಡುವಂತೆ ಕೂರುವ ಗಟ್ಟಿಲೋಹದ ಬಳೆ. ಅಂಗುಲದ ಸಾವಿರದಲ್ಲೊಂದು ಭಾಗದ ಅಂತರದಲ್ಲಿ ಇವು ದೊರೆಯುವುವು. (ಕನ್ನಡದ ‘ಕೋವಿ’ಗೆ ಕೊಳವೆಯೆಂಬ ಅರ್ಥವೂ ಇರುವುದರಿಂದ, ಇಲ್ಲಿಯದು ಕೊಳವೆಯೊಳಗಣ ಕೊಳವೆಯ ವಿಚಾರವೆನ್ನಬಹುದು.)

ಯಾವ ಬಳೆಯನ್ನು ಆರಿಸಬೇಕು? ಪಾಲ್ಮಿಸಾನೊ ಎಂಬ ವೈದ್ಯರೂ ಪಿಂಡೆಲ್ ಎಂಬವರೂ ೧೯೭೦ರ ದಶಕದಲ್ಲಿ ರೂಪಿಸಿದ ೬ ಮಿಲಿಮೀಟರ್ ಪಿಪಿಸಿ ತೋಟೆಯನ್ನೇ ನಿದರ್ಶನವಾಗಿ ನೋಡೋಣ. ಇದರ ಗುಂಡಿನ ವ್ಯಾಸ ೦.೨೪೩ ಅಂಗುಲ. ಕತ್ತಿನ ಗೋಡೆಯನ್ನು ಹೊರಗಿನಿಂದ ಹೆರೆದು ೦.೦೦೮೫ ಅಂಗುಲ ದಪ್ಪಕ್ಕೆ ತಂದರೆ, ಎರಡು ಗೋಡೆಗಳೂ ಗುಂಡೂ ಸೇರಿ ೦.೨೬೦ ಅಂಗುಲವಾಗುವುದು. ಇದರಿಂದ ಸಾವಿರದ ಎರಡು ಭಾಗವನ್ನು ಕಳೆದರೆ ೦.೨೫೮ರ ಬಳೆ ಎಂದಾಯಿತು. ಲೆಕ್ಕಕ್ಕಿಂತಲೂ ತುಂಬಿದ ನಾಲ್ಕಾರು ತೋಟೆಗಳ ಕತ್ತನ್ನೇ ಅಳೆದುನೋಡುವುದು ಲೇಸು. ಹೆರೆಯುವವನ ಕೈ ಎಲ್ಲ ಕೋಶಗಳಲ್ಲಿಯೂ ಸಮವಾಗಿರುವುದಿಲ್ಲ.

ಬಳೆ ಕಿರಿದಾದಷ್ಟೂ ಹಿಡಿತ ಬಿಗಿಯಾಗುವುದೆಂದು ಹೊಸಬರು ಭಾವಿಸುವುದು ಸಹಜ. ಇದು ಒಂದು ಎಲ್ಲೆಯವರೆಗೆ ಮಾತ್ರ ಸರಿ. ಕತ್ತು ತೀರ ಕಿರಿದಾದಾಗ, ಒಳಗೆ ಇಳಿಯುವ ಗುಂಡೇ ಹಿತ್ತಾಳೆಯನ್ನು ಅದು ಹಿಂದಿರುಗಲಾರದಷ್ಟು ಹಿಗ್ಗಿಸಿಬಿಡುತ್ತದೆ. ಆಗ ಹಿಡಿತವು ಅಳತೆಗೆ ತಕ್ಕಂತೆ ಹೆಚ್ಚುವುದಿಲ್ಲ. ಗುಂಡಿನ ತೆಳುವಾದ ತಾಮ್ರದ ಹೊದಿಕೆ ಗೀರುವುದೊಂದೇ ಫಲ. ಅದಲ್ಲದೆ, ಒಂದೇ ಸಲ ಸಾವಿರದ ಐದು ಭಾಗಕ್ಕಿಂತ ಹೆಚ್ಚು ಕುಗ್ಗಿಸಿದರೆ ಕತ್ತು ನೇರವಾಗಿ ಉಳಿಯದೆ ಹೋಗಬಹುದಾದುದರಿಂದ ಎರಡು ಬಳೆಗಳಲ್ಲಿ ಎರಡು ಸಲ ಅಮುಕುವುದು ವಾಡಿಕೆ. ಕೆಲವು ಮದ್ದುಗಳಿಗೆ ಹೆಚ್ಚು ಬಿಗಿ ಒಗ್ಗುವುದೆನ್ನುವವರೂ ಉಂಟು. ಆದರೆ ಬಿಗಿ ಎಷ್ಟೆಂಬುದಕ್ಕಿಂತಲೂ ಐದು ತೋಟೆಗಳಲ್ಲಿಯೂ ಅದು ಒಂದೇ ಆಗಿರಬೇಕೆಂಬುದು ದೊಡ್ಡ ಮಾತು.

ಬಳೆಯು ಮಾಡಲಾರದ ಕೆಲಸವೂ ಒಂದುಂಟು. ಅದು ಹೊರಗಿನಿಂದ ಮಾತ್ರ ಅಮುಕುವುದರಿಂದ ಗೋಡೆಯ ಏರಿಳಿತವೆಲ್ಲ ಒಳಮೈಗೆ ಸರಿಯುತ್ತದೆ. ಇದಕ್ಕಿಂತ ಘನವಾದುದು ಗೂಡಿನ ಪ್ರಶ್ನೆ. ಇಂತಹ ಕೋವಿಗಳ ಗೂಡು ಕತ್ತಿನ ಬಳಿ ೦.೨೬೨ ಅಂಗುಲದಷ್ಟೇ ಇರುವುದುಂಟು. ಆಗ ತುಂಬಿದ ಕತ್ತಿಗೆ ಒಂದೊಂದು ಪಕ್ಕಕ್ಕೆ ಸಾವಿರದ ಒಂದು ಭಾಗ ಮಾತ್ರ ಎಡೆ. ಹೆರೆಯದ ದಪ್ಪ ಕತ್ತನ್ನು ಅದರಲ್ಲಿ ತುರುಕಿದರೆ, ಹಿಗ್ಗಲು ಎಡೆಯಿಲ್ಲದ ಕತ್ತು ಗುಂಡನ್ನು ಸುಲಭವಾಗಿ ಬಿಡದೆ ಒಳಗಿನ ಒತ್ತಡವು ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಎಷ್ಟೇ ಕಿರಿದಾದ ಬಳೆಯಿಂದಲೂ ಇದಕ್ಕೆ ಪರಿಹಾರವಿಲ್ಲ. ಗುಂಡು ಕೂತೊಡನೆ ಕತ್ತು ಮತ್ತೆ ದಪ್ಪವಾಗುವುದಷ್ಟೆ.

ಇನ್ನು ಹಿತ್ತಾಳೆಯ ಸ್ವಭಾವ. ಬಳೆಯಿಂದ ಹೊರಬಂದ ಕತ್ತು ಕೊಂಚ ಹಿಂದಕ್ಕೆ ಹಿಗ್ಗುತ್ತದೆ. ಹಲವು ಸಲ ಹಾರಿಸಿ ಅಮುಕಿದ ಕೋಶ ಗಡುಸಾಗುವುದರಿಂದ ಈ ಹಿಗ್ಗು ಹೆಚ್ಚುತ್ತದೆ; ಮೊದಲು ಸರಿಹೋದ ೦.೨೫೮ರ ಬಳೆಯೇ ಈಗ ಕತ್ತನ್ನು ಸಡಿಲವಾಗಿ ಬಿಡುತ್ತದೆ. ಆಗ ಕೆಲವರು ೦.೨೫೭ಕ್ಕೆ ಇಳಿಯುವರು. ಕತ್ತನ್ನಷ್ಟೇ ಕಾಯಿಸಿ ಮೆತ್ತಗೆ ಮಾಡಿ, ಹಳೆಯ ಬಳೆಯನ್ನೇ ಮುಂದುವರಿಸುವವರೂ ಉಂಟು. ಹಾಗೆ ಮಾಡಿದಾಗ ಬುಡಕ್ಕೆ ಶಾಖ ತಗುಲದಂತೆ ನೋಡಿಕೊಳ್ಳಬೇಕು, ಏಕೆಂದರೆ ಒತ್ತಡವನ್ನು ತಡೆಯುವ ಗಡಸುತನ ಅಲ್ಲಿ ಇರಲೇಬೇಕು.