ಬಡವ, ದರಿದ್ರ: ಎರಡು ಶಬ್ದಗಳೂ ಬಾಗಲಕೋಟೆಯ ಸೀಮೆಯ ಎಳೆಯರ ಬಾಳುವೆಯೂ

ಧನಹೀನನನ್ನು ಹೇಳುವುದಕ್ಕೆ ಕನ್ನಡದಲ್ಲಿ ಬಡವ ಎಂಬ ದೇಶ್ಯಶಬ್ದವೂ ದರಿದ್ರ ಎಂಬ ತತ್ಸಮವೂ ಬಳಕೆಯಲ್ಲಿವೆ. ಒಂದರ ಅರ್ಥವನ್ನು ಕೇಳಿದರೆ ಮತ್ತೊಂದನ್ನು ಹೇಳಿ ಮುಗಿಸುವುದು ಪಾಠಶಾಲೆಗಳಲ್ಲಿ ವಾಡಿಕೆ. ಆದರೆ ಇವುಗಳ ಮೂಲಾರ್ಥಗಳು ಒಂದೇ ಅಲ್ಲ. ಬಡ ಎಂಬುದು ಮೊದಲಿಗೆ ಕೃಶತೆಯನ್ನು ಹೇಳುವ ಶಬ್ದ. ಕಾವ್ಯಗಳ ನಾಯಿಕಾವರ್ಣನೆಯಲ್ಲಿ ಬರುವ ಬಡನಡು, ಆಡುಮಾತಿನ ಬಡಕಲು, ಮೈ ಬಡವಾಯಿತು ಎಂಬ ಪ್ರಯೋಗ, ಇವೆಲ್ಲವೂ ದೇಹವನ್ನೇ ಕುರಿತವು. ದರಿದ್ರ ಶಬ್ದದ ಸಂಗತಿ ಬೇರೆ. ಧಾತುಪಾಠದಲ್ಲಿ ದ್ರಾ ಎಂಬುದಕ್ಕೆ ಕುತ್ಸಿತವಾದ ಗಮನವೆಂದೂ ದರಿದ್ರಾ ಎಂಬುದಕ್ಕೆ ದುರ್ಗತಿಯೆಂದೂ ಅರ್ಥಗಳನ್ನು ಹೇಳಿದೆ. ಪಾಣಿನಿಯು ಜಾಗೃ ಮೊದಲಾದವುಗಳೊಡನೆ ದರಿದ್ರಾ ಧಾತುವಿಗೂ ಅಭ್ಯಸ್ತಸಂಜ್ಞೆಯನ್ನು ವಿಧಿಸಿರುವನು. ಆಧುನಿಕ ಭಾಷಾಶಾಸ್ತ್ರಜ್ಞರು ಇದನ್ನು ಓಟದ ಅರ್ಥವುಳ್ಳ ದ್ರಾ ಧಾತುವಿನ ದ್ವಿರುಕ್ತರೂಪವೆಂದೇ ಎಣಿಸುವರು. ಅಂದಮೇಲೆ ದರಿದ್ರನೆಂದರೆ ಮೇಲಿಂದ ಮೇಲೆ ಅತ್ತಿಂದಿತ್ತ ಓಡಬೇಕಾದವನು.

ಕನ್ನಡದ ಶಬ್ದ ಮೈಯನ್ನು ನೋಡಿತು, ಸಂಸ್ಕೃತದ ಶಬ್ದ ಕಾಲನ್ನು ನೋಡಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಬಡವರ ಮಕ್ಕಳು ಬೆಳೆಯುವ ಬಗೆಯನ್ನು ಪರಿಶೀಲಿಸಿದರೆ ಮೊದಲನೆಯ ಅರ್ಥ ಶೈಶವದಲ್ಲಿಯೂ ಎರಡನೆಯದು ತಾರುಣ್ಯದಲ್ಲಿಯೂ ನಿಜವಾಗುವುದು ಕಾಣಬರುತ್ತದೆ. ಇಲ್ಲದಿರುವಿಕೆ ವಯಸ್ಸಿನೊಡನೆ ರೂಪವನ್ನು ಬದಲಿಸುತ್ತ ಹೋಗುತ್ತದೆ. ಹಿಂದಿನ ರೂಪವೇ ಮುಂದಿನದಕ್ಕೆ ಕಾರಣವೂ ಆಗುತ್ತದೆ.

ಶೈಶವದ ವಿಷಯವನ್ನು ಮೊದಲು ನೋಡಬಹುದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ‘ಯಂಗ್ ಲೈವ್ಸ್’ ಎಂಬ ಹೆಸರಿನಿಂದ ೨೦೦೨ರಿಂದೀಚೆಗೆ ಇಥಿಯೋಪಿಯ, ಪೆರು, ವಿಯೆಟ್ನಾಂ ಮತ್ತು ನಮ್ಮ ನೆರೆಯ ಆಂಧ್ರ ತೆಲಂಗಾಣಗಳಲ್ಲಿ ಸುಮಾರು ೧೨,೦೦೦ ಮಕ್ಕಳನ್ನು, ಅವರಲ್ಲಿ ೩,೦೦೦ದಷ್ಟು ತೆಲುಗು ನಾಡಿನವರನ್ನು, ವರ್ಷಾನುವರ್ಷ ಹಿಂಬಾಲಿಸಿ ನೋಡುತ್ತ ಬಂದಿದ್ದಾರೆ. ಉಳ್ಳವರ ಮತ್ತು ಇಲ್ಲದವರ ಮಕ್ಕಳ ನಡುವಣ ಅಂತರ ಐದನೆಯ ವಯಸ್ಸಿನ ಹೊತ್ತಿಗೇ ಶಬ್ದಸಂಪತ್ತಿಯಲ್ಲಿ ಗೋಚರಿಸುವುದೆಂದೂ ಎಳವೆಯಲ್ಲಿ ಗಿಡ್ಡಾದ ಮಕ್ಕಳು ಕಲಿಕೆಯಲ್ಲಿ ಹಿಂದೆ ಬೀಳುವುದು ಹೆಚ್ಚೆಂದೂ ಅವರು ಕಂಡಿದ್ದಾರೆ. ಮುಂದೆ ಆಹಾರ ಸರಿಯಾದರೆ ಕೆಲವರು ಚೇತರಿಸಿಕೊಳ್ಳುವುದೂ ಉಂಟು. ಒಂದನೆಯ ತರಗತಿಗೆ ಬಂದ ಕೂಸನ್ನು ಮಂದಬುದ್ಧಿಯೆಂದು ಬರೆದಿಡುವ ಉಪಾಧ್ಯಾಯನು ಅದರ ಬುದ್ಧಿಯನ್ನು ಅಳೆಯುತ್ತಿರುವನೋ ಹಿಂದಿನ ಐದು ವರ್ಷಗಳ ಊಟವನ್ನೋ ಎಂಬುದು ವಿಚಾರಾರ್ಹ. ಅಕ್ಷರದಾಸೋಹವೆಂಬ ಮಧ್ಯಾಹ್ನದ ಊಟ ೨೦೦೨ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾಯಿತು. ಕೂಡಲಸಂಗಮದ ನೆರೆಯ ಸೀಮೆಗೆ ದಾಸೋಹವೆಂಬ ಹೆಸರು ಒಪ್ಪುವಂಥದೇ. ಆದರೆ ಆ ಪಂಕ್ತಿಗೆ ಮಗು ಬಂದು ಕುಳಿತುಕೊಳ್ಳುವುದು ಆರನೆಯ ವರ್ಷದಲ್ಲಿ. ಮೈ ಬಡವಾಗುವುದು ಅದಕ್ಕೆ ಬಹಳ ಮೊದಲು.

ಇನ್ನು ಬಾಲ್ಯ. ಇಳಕಲ್ಲಿನ ಸೀರೆಯ ವಿಶೇಷವನ್ನು ಬಲ್ಲವರಿಗೆ ಅದರ ದುಡಿಮೆಯ ಲೆಕ್ಕವೂ ಸುಲಭವಾಗಿ ತಿಳಿಯುವುದು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡರ ಎಳೆಗಳನ್ನು ಕುಣಿಕೆಗಳಿಂದ ಕೂಡಿಸುವುದಕ್ಕೆ ಕೊಂಡಿ ಎನ್ನುವರು. ಈ ಕಾರಣದಿಂದ ಹಾಸನ್ನು ಪ್ರತಿಯೊಂದು ಸೀರೆಗೂ ಬೇರೆಬೇರೆಯಾಗಿ ಅಣಿಗೊಳಿಸಬೇಕು. ತೋಪು ತೆನೆಯ ಸೆರಗು, ಗೋಮಿ, ಪರಾಸಪೇಟ, ಗಾಡಿ ಮೊದಲಾದ ದಡಿಗಳು ಕಣ್ಣಿಗೆ ಕಾಣುತ್ತವೆ. ಅವುಗಳ ಹಿಂದೆ ನೂಲು ಬಿಚ್ಚುವುದು, ಕಂಡಿಕೆ ಸುತ್ತುವುದು, ಕಡಿದ ಎಳೆಯನ್ನು ಹೊಂದಿಸುವುದು ಎಂಬ ಕಾಣದ ಕೆಲಸಗಳಿವೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವನ ಕೂಲಿ ಸೀರೆಗೆ ಇಷ್ಟೆಂದು ಗೊತ್ತಾಗಿರುತ್ತದೆ. ಹೆಂಡತಿಯೂ ಮಕ್ಕಳೂ ರಾಟಿಯ ಮುಂದೆ ಕಳೆದ ಹೊತ್ತು ಯಾರ ಖಾತೆಯಲ್ಲಿಯೂ ಬರೆಯಲ್ಪಡುವುದಿಲ್ಲ. ಹೀಗಾಗಿ ನೇಕಾರರ ಮಗನು ತಾನು ದುಡಿಯುತ್ತಿರುವನೆಂದು ತಿಳಿಯುವುದಕ್ಕೆ ಮೊದಲೇ ದುಡಿಯಲಾರಂಭಿಸುವನು. ಅವನು ಶಾಲೆಗೂ ಹೋಗುವನು. ಹಾಜರಿಯಲ್ಲಿ ಅವನ ಹೆಸರು ತಪ್ಪುವುದಿಲ್ಲ. ತಪ್ಪುವುದು ಸಾಯಂಕಾಲದ ಓದು.

ಈ ವಿದ್ಯೆ ಕೀಳಾದುದೆಂದು ಇಲ್ಲಿನ ಅಭಿಪ್ರಾಯವಲ್ಲ. ಎಳೆವಯಸ್ಸಿನಲ್ಲಿ ಬೆರಳಿಗೆ ಹತ್ತಿದ ಕೊಂಡಿಯ ಕೌಶಲ ಯಾವ ಶಾಸ್ತ್ರಾಭ್ಯಾಸಕ್ಕೂ ಕಡಮೆಯದಲ್ಲ. ತೊಡಕು ಇರುವುದು ಮುಂಗಡದಲ್ಲಿ. ಮದುವೆಗೋ ಕಾಯಿಲೆಗೋ ಸಾವಕಾರನಿಂದ ನೇಕಾರನು ಮುಂಗಡ ಪಡೆಯುವನು. ಅದು ತೀರುವವರೆಗೆ ಬೇರೆಯವರಿಗೆ ನೇಯುವಂತಿಲ್ಲ. ಕೂಲಿಯಲ್ಲಿ ಮುರಿದುಕೊಂಡರೆ ಮನೆ ನಡೆಯದು, ಮುರಿದುಕೊಳ್ಳದಿದ್ದರೆ ಸಾಲ ಇಳಿಯದು. ಉಳ್ಳವನ ಮಗನಿಗೆ ತಂದೆಯು ಕಾಲವನ್ನು ಕೊಡುವನು: ಒಮ್ಮೆ ತಪ್ಪಾದರೆ ಮತ್ತೊಮ್ಮೆ ಪರೀಕ್ಷೆಗೆ ಕೂರಿಸುವನು. ನೇಕಾರನಾದರೋ ಮಗನ ಕಾಲವನ್ನು ಮೊದಲೇ ಖರ್ಚು ಮಾಡಿರುವನು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಅನ್ವಯಿಸುವುದು. ಕಾನೂನು ಕೈಬಿಡುವ ವಯಸ್ಸೂ ಮಗ್ಗ ಕೈಹಿಡಿಯುವ ವಯಸ್ಸೂ ಬಹುಮಟ್ಟಿಗೆ ಒಂದೇ. ಹೆಣ್ಣುಮಗಳಿಗಂತೂ ಅದೇ ಹೊತ್ತಿಗೆ ವರಾನ್ವೇಷಣೆಯ ಮಾತು. ಕರ್ನಾಟಕದಲ್ಲಿ ಬಾಲ್ಯವಿವಾಹ ಹೆಚ್ಚಾಗಿರುವ ಜಿಲ್ಲೆಗಳಲ್ಲಿ ಇದೂ ಒಂದು.

ತಾರುಣ್ಯದಲ್ಲಿ ದರಿದ್ರಾ ಧಾತುವಿನ ಅರ್ಥ ಪ್ರಕಟವಾಗುತ್ತದೆ. ಈ ಸೀಮೆಯವರ ಓಟಗಳಲ್ಲಿ ಒಂದು, ನೀರು ಓಡಿಸಿದ್ದು. ೧೯೬೪ರಲ್ಲಿ ಲಾಲ್‌ಬಹಾದೂರ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಭಾಗಗಳನ್ನೂ ಅನೇಕ ಹಳ್ಳಿಗಳನ್ನೂ ನುಂಗಿತು. ಊರು ಬಿಟ್ಟವರಿಗಾಗಿ ನವನಗರವನ್ನು ಸೆಕ್ಟರುಗಳಾಗಿ ಕಟ್ಟಿದರು. ೧೮೯೪ರ ಭೂಸ್ವಾಧೀನದ ಕಾಯಿದೆ ಭೂಮಿಯಲ್ಲಿ ಹಕ್ಕುಳ್ಳವನನ್ನು ಮಾತ್ರ ಗಣಿಸಿತು. ಹೊಲವಿದ್ದವನಿಗೆ ಹೊಲದ ಬೆಲೆ ಬಂದಿತು. ಅದೇ ಹೊಲದಲ್ಲಿ ಕಳೆ ತೆಗೆದು ಬದುಕಿದವಳಿಗೆ ಆ ಹೊಲದ ಲೆಕ್ಕದಲ್ಲಿ ಏನೂ ಇರಲಿಲ್ಲ. ಕೂಲಿಕಾರರನ್ನೂ ಬಾಧಿತರೆಂದು ಎಣಿಸುವ ಕಾಯಿದೆ ಬಂದದ್ದು ೨೦೧೩ರಲ್ಲಿ. ಒಂದೇ ಶಾಲೆಯಲ್ಲಿ ಓದಿದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಪರಿಹಾರದ ಹಣ ಕಾಲೇಜಿನ ಶುಲ್ಕವಾಗಬಹುದಿತ್ತು. ಮತ್ತೊಬ್ಬನ ಪಾಲಿಗೆ ಊರೂ ಕೂಲಿಯೂ ಒಟ್ಟಿಗೆ ಮುಳುಗಿದವು.

ಮತ್ತೊಂದು ಓಟ ಗುಳೆ. ಮಳೆಯನ್ನೇ ನಂಬಿದ ಬಾದಾಮಿ, ಹುನಗುಂದದ ಕಡೆಯ ಹಳ್ಳಿಗಳಿಂದ ಸುಗ್ಗಿ ತೀರಿದ ಮೇಲೆ, ಬರಗಾಲದಲ್ಲಿ ಅದಕ್ಕೂ ಮೊದಲೇ, ಸಂಸಾರಗಳು ಗೋವೆಗೆ, ಮಂಗಳೂರಿಗೆ, ಮಹಾರಾಷ್ಟ್ರದ ಪಟ್ಟಣಗಳಿಗೆ ಕಟ್ಟಡದ ಕೆಲಸಕ್ಕಾಗಿ ತೆರಳುತ್ತವೆ. ಹದಿನಾರರ ಹುಡುಗ ತಾನೇ ಹೋಗುವನು. ಎಂಟರ ಹುಡುಗಿಯನ್ನು ತಮ್ಮನನ್ನು ಎತ್ತಿಕೊಳ್ಳುವುದಕ್ಕೆಂದು ಕರೆದೊಯ್ಯುವರು. ಶಾಲೆಯ ವರ್ಷಕ್ಕೂ ಗುಳೆಯ ವರ್ಷಕ್ಕೂ ಮೇಳವಿಲ್ಲ. ಪರೀಕ್ಷೆ ಮಾರ್ಚಿನಲ್ಲಿ, ಮರಳಿ ಬರುವುದು ಮುಂಗಾರಿನ ಬಿತ್ತನೆಗೆ. ಅಷ್ಟರಲ್ಲಿ ಓರಗೆಯವರು ಮುಂದಿನ ತರಗತಿಗೆ ಹೋಗಿರುವರು. ಹುಡುಗಿ ಒಂದೆರಡು ವಾರ ಹಿಂದಿನ ಬೆಂಚಿನಲ್ಲಿ ಕುಳಿತು, ಮರೆತ ಒತ್ತಕ್ಷರಗಳನ್ನು ಮತ್ತೆ ತಿದ್ದಿ, ಸುಗ್ಗಿಯಾಗುತ್ತಲೇ ಮತ್ತೆ ಹೊರಡುವಳು.