ಕಡಲಿಗೂ ಒಂದು ವೇಳಾಪಟ್ಟಿ ಇದೆ

ಯಲಹಂಕದ ಬಳಿಯ ನಮ್ಮ ಸಿಂಗಾಪುರದಲ್ಲಿ ಕೆರೆ ಇದೆ, ಕಡಲಿಲ್ಲ. ಹೆಸರು ಮಾತ್ರ ಹಡಗುಗಳ ಜಾತ್ರೆಯೇ ನೆರೆಯುವ ದೂರದ ಬಂದರು ನಗರದ್ದು! ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಬೆಳೆಯುವ ಇಲ್ಲಿನ ಮಕ್ಕಳಿಗೆ ಉಬ್ಬರವಿಳಿತ, ಕಡಲ ಗಾಳಿ, ನೆಲ ಗಾಳಿ ಎಂದರೆ ಪರೀಕ್ಷೆಯಲ್ಲಿ ಬರುವ ಎರಡು ಅಂಕದ ಪ್ರಶ್ನೆಗಳು. ಉತ್ತರವನ್ನು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಮರೆಯುತ್ತಾರೆ. ತಪ್ಪು ಮಕ್ಕಳದ್ದಲ್ಲ. ನೋಡದ ಸಂಗತಿ ನೆನಪಿನಲ್ಲಿ ಉಳಿಯುವುದಾದರೂ ಹೇಗೆ?

ರಜೆ ಬಂದಾಗ ಕರಾವಳಿಗೆ ಹೋಗುವ ಕುಟುಂಬಗಳು ಕಡಿಮೆಯೇನಿಲ್ಲ. ಆದರೆ ನಮ್ಮ ಪ್ರವಾಸಗಳ ಧಾಟಿ ಎಲ್ಲರಿಗೂ ಗೊತ್ತಿರುವಂಥದೇ. ಮೂರು ದಿನ, ಏಳು ಊರು, ಹತ್ತು ದೇವಸ್ಥಾನ. ಕಡಲ ದಂಡೆಯಲ್ಲಿ ಅರ್ಧ ಗಂಟೆ, ಒಂದಿಷ್ಟು ಫೋಟೋ, ಮತ್ತೆ ವಾಹನ. ಇದಕ್ಕೆ ಬದಲು ಒಂದು ಇಡೀ ದಿನವನ್ನು ದೋಣಿಗೆ ಬಿಟ್ಟುಕೊಟ್ಟರೆ ಏನಾದೀತು? ಈ ಪ್ರಶ್ನೆಗೆ ನಮ್ಮ ಕರ್ನಾಟಕದ ಕರಾವಳಿಯಲ್ಲೇ ಒಂದು ಸುಂದರವಾದ ಹಳೆಯ ಉತ್ತರವಿದೆ.

ಕಾಳಿಯ ಮೇಲೊಂದು ಬೆಳದಿಂಗಳು

1883ರ ಮಾತು. ಭಾರತೀಯರಲ್ಲಿ ಮೊದಲನೆಯವರಾಗಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಸತ್ಯೇಂದ್ರನಾಥ ಠಾಕೂರರು ಆಗ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಕಲ್ಕತ್ತೆಯಿಂದ ಬಂದಿದ್ದ 22 ವರ್ಷದ ತಮ್ಮನೇ ಮುಂದೆ ವಿಶ್ವಕವಿ ಎನಿಸಿದ ರವೀಂದ್ರನಾಥ ಠಾಕೂರ್. ಒಂದು ಬೆಳದಿಂಗಳ ಸಂಜೆ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಚಿಕ್ಕ ದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಹೊರಟರು. ಶಿವಾಜಿಯ ಕಾಲದ ಹಳೆಯ ಬೆಟ್ಟದ ಕೋಟೆಯೊಂದರ ಬಳಿ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಸ್ವಚ್ಛವಾಗಿದ್ದ ಅಂಗಳದಲ್ಲಿ ಕುಳಿತು ಊಟ ಮಾಡಿದರು. ಹಿಂದಿರುಗುವಾಗ ದೋಣಿಯನ್ನು ಹರಿವಿಗೆ ಬಿಟ್ಟುಬಿಟ್ಟರು. ನದಿ ಕಡಲನ್ನು ಕೂಡುವ ಅಳಿವೆಗೆ ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಅಲ್ಲಿಂದ ಸಮುದ್ರದ ಮೇಲೆ ಹೋಗುವುದನ್ನು ಬಿಟ್ಟು, ದೋಣಿಯಿಂದಿಳಿದು ಮರಳಿನ ಮೇಲೆ ನಡೆದುಕೊಂಡೇ ಮನೆ ಸೇರಿದರು. ರವೀಂದ್ರರು ತಮ್ಮ ಬಾಲ್ಯ ಯೌವನಗಳ ನೆನಪಿನ ಪುಸ್ತಕದಲ್ಲಿ ಈ ರಾತ್ರಿಯನ್ನು ದಾಖಲಿಸಿದ್ದಾರೆ. ಇಂದು ಕಾರವಾರದ ಕಡಲ ತೀರಕ್ಕೆ ಅವರದೇ ಹೆಸರು.

ಈ ವಿಹಾರದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಠಾಕೂರ್ ಮನೆಯವರಿಗೆ ಗಡಿಯಾರದ ಹಂಗಿರಲಿಲ್ಲ. ದೋಣಿಯ ವೇಗವನ್ನು ನಿರ್ಧರಿಸಿದ್ದು ನೀರು. ತಡವಾಯಿತೆಂದು ಹಟ ಹಿಡಿದು ರಾತ್ರಿಯ ಸಮುದ್ರಕ್ಕೆ ದೋಣಿಯನ್ನು ನುಗ್ಗಿಸದೆ ಅವರು ಇಳಿದು ನಡೆದರು. ನಿಧಾನದ ಪ್ರಯಾಣವೆಂದರೆ ಸೋಮಾರಿ ಪ್ರಯಾಣವಲ್ಲ. ಅದು ಕಡಲಿನ ವೇಳಾಪಟ್ಟಿಗೆ ನಮ್ಮ ವೇಳಾಪಟ್ಟಿಯನ್ನು ಹೊಂದಿಸಿಕೊಳ್ಳುವ ಪ್ರಯಾಣ. ಹಾಗಾದರೆ ಕಡಲಿನ ವೇಳಾಪಟ್ಟಿ ಎಂದರೇನು? ಅದರಲ್ಲಿ ಮೂರು ಮುಳ್ಳುಗಳಿವೆ ಎನ್ನಬಹುದು: ದಿನದ ಗಾಳಿ, ಚಂದ್ರನ ಉಬ್ಬರ ಮತ್ತು ವರ್ಷದ ಮುಂಗಾರು.

ಮೊದಲ ಮುಳ್ಳು: ದಿನದ ಗಾಳಿ

ನೀರಿನ ವಿಶಿಷ್ಟೋಷ್ಣ ಮರಳಿನದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಅಂದರೆ ಒಂದು ಕಿಲೋ ಮರಳನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದ ಐದರಷ್ಟು ಶಾಖ ಒಂದು ಕಿಲೋ ನೀರಿಗೆ ಬೇಕು. ಆದ್ದರಿಂದ ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ಗಾಳಿ ನೆಲದಿಂದ ಕಡಲಿಗೆ ಹೊರಳುತ್ತದೆ. ಇದನ್ನು ನಮ್ಮ ಮಕ್ಕಳು ಪುಸ್ತಕದಲ್ಲಿ ಓದಿಯೇ ಇರುತ್ತಾರೆ.

ಆದರೆ ಎಂಜಿನ್ ಬರುವ ಮೊದಲು ಕರಾವಳಿಯ ಮೀನುಗಾರರಿಗೆ ಇದು ಪಾಠವಾಗಿರಲಿಲ್ಲ, ಬದುಕಾಗಿತ್ತು. ಬೆಳಕು ಹರಿಯುವ ಮೊದಲೇ ನೆಲ ಗಾಳಿಗೆ ಹಾಯಿ ಬಿಚ್ಚಿ ಕಡಲಿಗಿಳಿಯುವುದು, ಮಧ್ಯಾಹ್ನ ಕಡಲ ಗಾಳಿ ಬಲಗೊಂಡಾಗ ಅದರ ಬೆನ್ನೇರಿ ದಡ ಸೇರುವುದು. ಹೋಗಲೊಂದು ಗಾಳಿ, ಬರಲೊಂದು ಗಾಳಿ. ಎರಡಕ್ಕೂ ಖರ್ಚಿಲ್ಲ!

ಗಾಳಿ ಎದುರಿನಿಂದ ಬಂದರೆ ಹಾಯಿದೋಣಿ ಏನು ಮಾಡುತ್ತದೆ? ಇದು ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ. ನೇರ ಎದುರು ಗಾಳಿಗೆ ಯಾವ ಹಾಯಿದೋಣಿಯೂ ಹೋಗಲಾರದು. ಆದರೆ ಗಾಳಿಗೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಹೋಗಬಲ್ಲುದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಅಂಕುಡೊಂಕಾಗಿ ಮುಂದೆ ಸಾಗುತ್ತದೆ. ನೆನೆಸಿದ ಹುಣಸೆ ಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ನೋಡಿ. ಬೆರಳುಗಳು ಎರಡು ಪಕ್ಕದಿಂದ ಒತ್ತಿದರೂ ಬೀಜ ಚಿಮ್ಮುವುದು ಮುಂದಕ್ಕೆ. ದೋಣಿಗೆ ಒಂದು ಬೆರಳು ಹಾಯಿಯ ಮೇಲಿನ ಗಾಳಿ, ಇನ್ನೊಂದು ಬೆರಳು ದೋಣಿಯ ಅಡಿಯನ್ನು ಪಕ್ಕಕ್ಕೆ ಜಾರಗೊಡದ ನೀರು. ಬೆಂಗಳೂರಿನಲ್ಲೇ ಹಾಯಿ ನೋಡಬೇಕೆನ್ನುವವರು ಹಲಸೂರು ಕೆರೆಯ ಕಡೆ ಕಣ್ಣಿಟ್ಟಿರಬಹುದು. ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಅಲ್ಲಿ ಹಾಯಿದೋಣಿಯ ಅಭ್ಯಾಸ ನಡೆಸುತ್ತ ಬಂದಿದ್ದಾರೆ.

ಎರಡನೆಯ ಮುಳ್ಳು: ಚಂದ್ರನ ಉಬ್ಬರ

ಕಾರವಾರದಲ್ಲಿ ಸಮುದ್ರ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಇಂದು ಬೆಳಿಗ್ಗೆ ಒಂಬತ್ತಕ್ಕೆ ಉಬ್ಬರವಿದ್ದರೆ ನಾಳೆ ಅದು ಹತ್ತರ ಸಮೀಪಕ್ಕೆ ಜಾರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಕೂಡಿಕೊಳ್ಳುವುದರಿಂದ ಏರಿಳಿತ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲೂ ಈ ವ್ಯತ್ಯಾಸ ಎರಡು ಮೀಟರಿನ ಆಸುಪಾಸು. ಇದೇ ಅರಬ್ಬಿ ಸಮುದ್ರ ಗುಜರಾತಿನ ಖಂಬಾತ ಕೊಲ್ಲಿಯ ಕಿರಿದಾದ ತುದಿಯಲ್ಲಿ ಹತ್ತು ಮೀಟರಿನಷ್ಟು ಏರಿಳಿಯುತ್ತದೆ.

ಎರಡು ಮೀಟರ್ ಅಲ್ಪವೆಂದು ಭಾವಿಸಬೇಡಿ. ಕಾರವಾರದ ಕಾಳಿ, ಕುಮಟಾ ಬಳಿಯ ಅಘನಾಶಿನಿ, ಹೊನ್ನಾವರದ ಶರಾವತಿ ಇವುಗಳ ಅಳಿವೆಗಳಲ್ಲಿ ಉಬ್ಬರದ ಹೊತ್ತು ಉಪ್ಪುನೀರು ನದಿಯೊಳಕ್ಕೆ ನುಗ್ಗುತ್ತದೆ. ಆಗ ನದಿಯೇ ಹಿಂದಕ್ಕೆ ಹರಿಯುವಂತೆ ಕಾಣುತ್ತದೆ. ಮೇಲಕ್ಕೆ ಹೋಗುವ ದೋಣಿಗೆ ಅದೇ ಸಹಾಯ. ಇಳಿತದಲ್ಲಿ ನದಿಯ ನೀರೂ ಹಿಂದಿರುಗುವ ಕಡಲ ನೀರೂ ಕೂಡಿ ಹೊರಕ್ಕೆ ಎಳೆಯುತ್ತವೆ. ಆ ಎಳೆತಕ್ಕೆ ಎದುರಾಗಿ ಅಲೆಗಳು ಬಂದಾಗ ಅಳಿವೆಯ ಬಾಯಲ್ಲಿ ನೀರು ಕಡಿದಾಗಿ ಏಳುತ್ತದೆ. ಅನುಭವಿ ಅಂಬಿಗ ಅಳಿವೆ ದಾಟುವ ಮುನ್ನ ಕಾಯುವುದು ಇದಕ್ಕೇ. ಅವನು ಬೀಡಿ ಸೇದುತ್ತ ಸುಮ್ಮನೆ ಕುಳಿತಿದ್ದಾನೆಂದು ಗೊಣಗುವ ಪ್ರವಾಸಿಗೆ ಅವನ ಲೆಕ್ಕಾಚಾರ ತಿಳಿಯದು.

ಮೂರನೆಯ ಮುಳ್ಳು: ವರ್ಷದ ಮುಂಗಾರು

ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪಕ್ಕೆ ಒಂದು ಚರಿತ್ರೆಯಿದೆ. ವಾಸ್ಕೋ ಡ ಗಾಮ 1498ರ ಏಪ್ರಿಲ್ ಕೊನೆಯಲ್ಲಿ ಆಫ್ರಿಕದ ಮಾಲಿಂದಿಯಿಂದ ಹೊರಟು, ಬೀಸುತ್ತಿದ್ದ ಗಾಳಿಯ ಬೆಂಬಲದಿಂದ ಸುಮಾರು 23 ದಿನಗಳಲ್ಲಿ ಕೇರಳದ ಕರಾವಳಿಯನ್ನು ಕಂಡ. ಹಿಂದಿರುಗುವಾಗ ಇದೇ ಅಂಜದೀವ್‌ನಲ್ಲಿ ತಂಗಿ, ಹಡಗು ದುರಸ್ತಿ ಮಾಡಿಕೊಂಡು, ಅಕ್ಟೋಬರ್ ಮೊದಲ ವಾರದಲ್ಲಿ ಹೊರಟ. ಮುಂಗಾರು ಹಿಂಜರಿದಿತ್ತು, ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಬಂದದ್ದೇ ಕಡಲನ್ನು ಮರಳಿ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ತಾಜಾ ಹಣ್ಣು ತರಕಾರಿಗಳಿಲ್ಲದೆ, 'ಸಿ' ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗಕ್ಕೆ ಅವನ ಅನೇಕ ನಾವಿಕರು ಬಲಿಯಾದರು. ಹಡಗು ಅದೇ, ಕಡಲು ಅದೇ, ನಾಯಕನೂ ಅವನೇ. ಬದಲಾದದ್ದು ಹೊರಟ ತಿಂಗಳು ಮಾತ್ರ.

ನಮ್ಮ ಕರಾವಳಿಯವರು ಇದನ್ನು ಹಬ್ಬವಾಗಿಯೇ ಇಟ್ಟುಕೊಂಡಿದ್ದಾರೆ. ಮಳೆಗಾಲ ತಗ್ಗುವ ಹೊತ್ತಿಗೆ, ಶ್ರಾವಣದ ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವುದು ವಾಡಿಕೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳ ಸಂತಾನಾಭಿವೃದ್ಧಿ ಅದರ ಮುಖ್ಯ ಉದ್ದೇಶ. ಒರಟು ಕಡಲಿನಿಂದ ಬೆಸ್ತರಿಗೆ ರಕ್ಷಣೆಯೂ ಸಿಗುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರ್ಪಟ್ಟ ಕಾಲದ ಲಾವಾ ಕಂಬಗಳು ಅಲ್ಲಿವೆ. ಅಷ್ಟು ಕಾಲ ಕಾದ ಬಂಡೆಗಳು ನಮಗಾಗಿ ಇನ್ನು ಮೂರು ತಿಂಗಳು ಕಾಯಲಾರವೇ?

ಮರೆಯಬಾರದ ಒಂದು ಹುಣ್ಣಿಮೆ

ಠಾಕೂರ್ ಕುಟುಂಬದ ಬೆಳದಿಂಗಳ ವಿಹಾರವನ್ನು ಕಂಡ ಅದೇ ಕಾಳಿಯ ಅಳಿವೆಯ ಆಚೆ ಕೂರ್ಮಗಡ ದ್ವೀಪವಿದೆ. ಪುಷ್ಯ ಹುಣ್ಣಿಮೆಗೆ ಅಲ್ಲಿ ನರಸಿಂಹ ದೇವರ ಜಾತ್ರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಕುಟುಂಬ ಸಮೇತ ಬಂದವರು ಅವರಲ್ಲಿದ್ದರು, ಮಕ್ಕಳೂ ಇದ್ದರು. ಜನವರಿ ಎಂದರೆ ಶಾಂತ ಕಡಲಿನ ಕಾಲ. ಆದರೂ ದುರಂತ ನಡೆಯಿತು. ಆದ್ದರಿಂದ ಋತು ಒಂದನ್ನೇ ನೋಡಿದರೆ ಸಾಲದು, ದೋಣಿಯನ್ನೂ ನೋಡಬೇಕು.

ದೋಣಿ ಮಗುಚುವುದರ ಹಿಂದಿನ ವಿಜ್ಞಾನ ಪ್ರೌಢಶಾಲೆಯ ಮಟ್ಟದ್ದೇ. ಜನ ಕುಳಿತಿದ್ದಾಗ ಗುರುತ್ವ ಕೇಂದ್ರ ಕೆಳಗಿರುತ್ತದೆ, ದೋಣಿ ವಾಲಿದರೂ ನೀರಿನ ತೇಲುಬಲ ಅದನ್ನು ನೆಟ್ಟಗೆ ಮಾಡುತ್ತದೆ. ಎಲ್ಲರೂ ಎದ್ದು ನಿಂತರೆ ಆ ಕೇಂದ್ರ ಮೇಲೇರುತ್ತದೆ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ನುಗ್ಗಿದರೆ ಅದು ಪಕ್ಕಕ್ಕೂ ಸರಿಯುತ್ತದೆ. ಮಿತಿ ಮೀರಿ ಜನ ಹತ್ತಿದರೆ ದೋಣಿಯ ಅಂಚು ನೀರಿಗೆ ಹತ್ತಿರವಾಗಿ, ಒಂದು ಸಾಧಾರಣ ಅಲೆಯೂ ಒಳಕ್ಕೆ ಬರುತ್ತದೆ. ಇನ್ನು ಜೀವರಕ್ಷಕ ಜಾಕೆಟ್ ಮಾಡುವುದಿಷ್ಟೆ: ತನ್ನ ಕಡಿಮೆ ಸಾಂದ್ರತೆಯಿಂದ ಮೂಗು ಬಾಯಿಗಳನ್ನು ನೀರಿನ ಮೇಲೆ ಹಿಡಿದಿಡುತ್ತದೆ. ಅದು ಆಸನದ ಕೆಳಗಿದ್ದರೆ ಪ್ರಯೋಜನವಿಲ್ಲ. ಮೈಮೇಲೆ, ಪಟ್ಟಿ ಬಿಗಿದು, ಮಕ್ಕಳಿಗೆ ಮಕ್ಕಳ ಅಳತೆಯದೇ ಇರಬೇಕು. ಈಜು ಬಲ್ಲವರಿಗೂ ಇದು ಅನ್ವಯಿಸುತ್ತದೆ.

ಹೊರಡುವವರಿಗೆ

ಬೆಂಗಳೂರಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಕಾರವಾರ ತಲುಪಬಹುದು. ನವೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಒಂದು ದಿನ ಕಾಳಿಯ ಅಳಿವೆಗೆ, ಒಂದು ದಿನ ದಕ್ಷಿಣಕ್ಕಿಳಿದು ಹೊನ್ನಾವರದ ಶರಾವತಿಗೆ, ಇನ್ನೊಂದು ದಿನ ಮಲ್ಪೆಗೆ ಮೀಸಲಿಡಿ. ಮೂರೇ ಊರು ಸಾಕು. ಬೆಳಗಿನ ಹೊತ್ತು ನೀರಿನ ಮೇಲಿರಲಿ, ಮಧ್ಯಾಹ್ನದ ಗಾಳಿ ಬಲಿಯುವ ಮೊದಲು ದಡದಲ್ಲಿರಿ. ಈಗ ಎಲ್ಲೆಡೆ ಎಂಜಿನ್ ದೋಣಿಗಳೇ ಹೆಚ್ಚು. ಒಂದೆರಡು ನಿಮಿಷ ಎಂಜಿನ್ ನಿಲ್ಲಿಸಬಹುದೇ ಎಂದು ಸುರಕ್ಷಿತ ಜಾಗದಲ್ಲಿ ಅಂಬಿಗನನ್ನು ಕೇಳಿ. ದೋಣಿ ಯಾವ ಕಡೆಗೆ ತೇಲಿತು, ಗಾಳಿ ಯಾವ ಕೆನ್ನೆಗೆ ತಾಗಿತು ಎಂದು ಮಕ್ಕಳೇ ಹೇಳಲಿ.

ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಕೆಲಸ. ಪ್ರತಿದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮರಳಿನಲ್ಲಿ ನೀರು ಮುಟ್ಟಿದ ಗುರುತು, ಗಾಳಿಯ ದಿಕ್ಕು, ಚಂದ್ರನ ಆಕಾರ ಇವನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಜೊತೆಗೊಂದು ಲೆಕ್ಕ: ನಿಮ್ಮ ಕಣ್ಣು ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕ್ಷಿತಿಜದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ದೋಣಿಯಲ್ಲಿ ಕುಳಿತ ಒಂದು ಮೀಟರ್ ಎತ್ತರದ ಕಣ್ಣಿಗೆ ಅದು ಸುಮಾರು ಮೂರೂವರೆ ಕಿಲೋಮೀಟರ್. 25 ಮೀಟರ್ ಎತ್ತರದ ದೀಪಸ್ತಂಭದ ಮೇಲಿನಿಂದ ಸುಮಾರು 18. ಭೂಮಿ ದುಂಡಗಿದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕೆ?

ತಂದೆತಾಯಿಗಳಿಗೆ ಹೇಳಬೇಕಾದ ಮಾತು ಒಂದೇ. ಅಷ್ಟು ದೂರ ಹೋದ ಮೇಲೆ ಅಂಬಿಗ ಕಡಲನ್ನು ನೋಡಿ "ಇವತ್ತು ಬೇಡ" ಎಂದರೆ ಬೇಸರವಾಗುವುದು ಸಹಜ. ಹೆಚ್ಚು ಹಣದ ಆಸೆ ತೋರಿಸಿ ಅವನ ಮನಸ್ಸನ್ನು ಬದಲಿಸಲು ಹೋಗಬೇಡಿ. ಮಕ್ಕಳೊಂದಿಗೆ ದಂಡೆಯಲ್ಲಿ ಕುಳಿತು, ಅವನು ಏನನ್ನು ಕಂಡು ಹಾಗೆಂದ ಎಂದು ಅವನನ್ನೇ ಕೇಳಿ. ಆ ಹತ್ತು ನಿಮಿಷದ ಉತ್ತರದಲ್ಲಿ ಗಾಳಿ, ಉಬ್ಬರ, ಮುಂಗಾರು ಮೂರೂ ಬಂದಿರುತ್ತವೆ. ದೋಣಿ ಹತ್ತದಿದ್ದರೂ ಪಾಠ ನಷ್ಟವಾಗುವುದಿಲ್ಲ. ಕಡಲು ನಾಳೆಯೂ ಅಲ್ಲೇ ಇರುತ್ತದೆ. ಮಕ್ಕಳೂ ನಾಳೆ ನಮ್ಮೊಂದಿಗೆ ಇರಬೇಕಲ್ಲವೇ?